ರಂಜಕಕ್ಕೆ ರೆಕ್ಕೆಯಿಲ್ಲ

ಸೊಸೈಟಿ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ
ರಸೀದಿ ಬರೆದ ಕೈ ಇದು.
ಹದಿನೆಂಟು, ನಲವತ್ತಾರು, ಸೊನ್ನೆ:
ಚೀಲದ ಮೇಲಿನ ಆ ಮೂರು ಅಂಕಿಗಳನ್ನು
ಮಗ್ಗಿಯಂತೆ ಒದರಿದ್ದೇನೆ. ಅರ್ಥ ಕೇಳಿದವರಿಲ್ಲ,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಮೇ ತಿಂಗಳ ಹದಮಳೆ ಬಿದ್ದರೆ ಸಾಕು
ದುದ್ದದ ಸುತ್ತಿನ ಏಳೂರು ಬಾಗಿಲಲ್ಲಿ ನಿಲ್ಲುತ್ತಿತ್ತು,
ಆಲೂಗೆಡ್ಡೆ ಬಿತ್ತನೆಗೆ.
"ಎಕರೆಗೆ ಎರಡು ಅಂತಾರೆ, ನಾಕು ಕೊಡು, ಇರ್ಲಿ."
ಇರ್ಲಿ ಎಂದೇ ಕೊಟ್ಟೆ.
ಆ ಇರ್ಲಿಗಳೆಲ್ಲ ಎಲ್ಲಿಗೆ ಹೋದವೆಂದು
ಇಳಿಜಾರಿಗೆ ಗೊತ್ತು,
ಇಳಿಜಾರಿನ ತುದಿಯ ಸೀಗೆಕಟ್ಟೆಗೆ ಗೊತ್ತು.

ಸೀಗೆಯ ಮೆಳೆ ಈಗ ಹೆಸರಲ್ಲಷ್ಟೇ ಇದೆ.
ಮೆಟ್ಟಿಲ ಬಳಿ ಒಗೆಯುವ ಕಲ್ಲು, ಕಲ್ಲಿನ ಸಂದಿಯಲ್ಲಿ
ಸೋಪಿನ ಪುಡಿಯ ಹರಿದ ಪೊಟ್ಟಣ.
ನೀರು ಹಸಿರಾಯಿತು. ಮೊದಲು
ಹೆಸರುಕಾಳು ತೊಳೆದ ನೀರಿನ ಹಾಗೆ,
ಆಮೇಲೆ ಗೋಡೆಗೆ ಬಳಿಯುವ ಬಣ್ಣದ ಹಾಗೆ.
ಊರು ಅಂದಿತು: ಹಸಿರು ಒಳ್ಳೆಯದೇ ಅಲ್ಲವೇ?

ಭಾದ್ರಪದದ ಒಂದು ಮುಂಜಾವ,
ಮೋಡ ಮುಚ್ಚಿ ಎಲೆಯೂ ಅಲುಗದ ದಿನ,
ಸಾಸಲು ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ
ದಡದುದ್ದ ಬಿದ್ದಿದ್ದವು, ಚೆಲ್ಲಿದ ಹಿತಕವರೆಯಂತೆ.
ವಿಷ ಹಾಕಿದವನಾರೆಂದು ಪಂಚಾಯ್ತಿ ಕೂತಿತು.

ಕಾರೆಕೆರೆ ಕಾಲೇಜಿನ ಹುಡುಗಿ ಮುಬೀನಾ
ಗಾಜಿನ ಕೊಳವೆಯಲ್ಲಿ ಕಟ್ಟೆಯನ್ನು ಹಿಡಿದು
ನಾಲ್ಕು ಹನಿ ಏನೋ ಬಿಟ್ಟಳು. ನೀಲಿಯಾಯಿತು.
ಎಷ್ಟು ನೀಲಿಯೋ ಅಷ್ಟು ರಂಜಕ ಎಂದಳು.
ಅಂಥ ನೀಲಿ ನಾನು ಯಾವ ಆಕಾಶದಲ್ಲೂ ಕಂಡಿಲ್ಲ.
"ವಿಷ ಅಲ್ಲ ಸಾರ್, ಊಟ. ಜಾಸ್ತಿಯಾದ ಊಟ.
ಪಾಚಿ ಹೊಟ್ಟೆ ಬಿರಿಯ ತಿಂದು, ಸತ್ತು, ಕೊಳೆತು,
ರಾತ್ರಿಯೆಲ್ಲ ಮೀನಿನ ಪಾಲಿನ ಉಸಿರು ಎಳ್ಕೊಳ್ಳುತ್ತೆ."
ಯೂರಿಯಾದಲ್ಲಿ ಒಂದಿಷ್ಟು ಗಾಳಿಗೆ ಹಾರುತ್ತದಂತೆ.
ರಂಜಕಕ್ಕೆ ರೆಕ್ಕೆಯಿಲ್ಲ.
ಹೋದಲ್ಲಿ ಕೂರುತ್ತದೆ, ಕೂತಲ್ಲಿ ಕಾಯುತ್ತದೆ.

ಅಂದು ರಾತ್ರಿ ಹಳೆಯ ಖಾತೆ ಪುಸ್ತಕ ತೆಗೆದು
ಕೂಡುತ್ತ ಹೋದೆ, ಕೋಳಿ ಕೂಗುವವರೆಗೆ.
ಮೊತ್ತ ಬರೆಯಲಿಲ್ಲ.

ಮಡಿವಾಳರ ದ್ಯಾವೀರಮ್ಮನಿಗೆ ಹೇಳುವುದೇ ಕಷ್ಟವಾಯಿತು.
"ಲಾರಿಗಟ್ಟಲೆ ಕೊಟ್ಟೋನು ನೀನು,
ಒಂದು ಪೊಟ್ಟಣಕ್ಕೆ ನನ್ನ ಕೇಳ್ತೀಯಾ?"
ಮಾತು ಸರಿಯಿತ್ತು.
ಹೊಲದ ಬದುಗಳಿಗೆ ಹುಲ್ಲು ನೆಡಿಸಿದ ಮೇಲೆ,
ಮಣ್ಣು ಪರೀಕ್ಷೆಯ ಚೀಟಿ ತಾರದೆ ಚೀಲವಿಲ್ಲವೆಂದು
ಗೋದಾಮಿನ ಕದಕ್ಕೆ ಅಂಟಿಸಿ
ಊರೆಲ್ಲರಿಂದ ಬೈಸಿಕೊಂಡ ಮೇಲೆ,
ಅವಳೇ ಬಂದು "ಕಲ್ಲು ಎತ್ರಪ್ಪ" ಎಂದಳು.
ಎಂಟಾಳು ಹೊತ್ತು ದೂರದ ಗುಂಡಿಯ ಪಕ್ಕ ಇಟ್ಟರು.
ಗುಂಡಿಯಲ್ಲಿ ಜಲ್ಲಿ, ಜಲ್ಲಿಯಲ್ಲಿ ಕಾಬಾಳೆ;
ನೊರೆ ಕುಡಿದು ಕೆಂಪಗೆ ಹೂ ಬಿಡುತ್ತಿದೆ, ನಾಚಿಕೆಯಿಲ್ಲದೆ.

ಒಂದು ವರ್ಷ. ಎರಡು. ನೀರು ಹಸಿರಾಗಿಯೇ ಇತ್ತು.
ಊರು ನಕ್ಕಿತು.
"ಹೂಳು ಸಾರ್," ಎಂದಳು ಮುಬೀನಾ ಫೋನಿನಲ್ಲಿ.
ಹೂಳು ನನಗಿಂತ ಹಳೆಯ ಗುಮಾಸ್ತ.
ನಾನು ಮರೆತ ಪ್ರತಿ ಚೀಲವನ್ನೂ ಬರೆದಿಟ್ಟುಕೊಂಡು
ಬೇಸಿಗೆ ಬಂದೊಡನೆ
ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾನೆ.

ಮೂರನೆಯ ಏಪ್ರಿಲ್‌ನಲ್ಲಿ ಕಟ್ಟೆ ಬರಿದು ಮಾಡಿ
ಹೂಳೆತ್ತಿದೆವು. ಕಾಡಿಗೆ ಕಪ್ಪು, ಕೊಳೆತ ಮೊಟ್ಟೆಯ ನಾತ.
ಟ್ರ್ಯಾಕ್ಟರ್ ಏರಿ ಅದೇ ಹೊಲಗಳಿಗೆ ಹೋಯಿತು,
ಎಲ್ಲಿಂದ ಜಾರಿ ಬಂದಿತ್ತೋ ಅಲ್ಲಿಗೆ.
ಸಣ್ಣಸ್ವಾಮಿ ಒಂದು ಮುಷ್ಟಿ ಹಿಂಡಿ, ಮೂಸಿ, ಕೇಳಿದ:
"ಇದು ನಾನು ದುಡ್ಡು ಕೊಟ್ಟು ತಗಂಡಿದ್ದೇ ಅಲ್ವಾ?"
ಹೌದು ಎಂದೆ.
"ಮತ್ತೆ ರಸೀದಿ?"

ಈಗ ಪ್ರತಿ ಸೋಮವಾರ
ಹಳೇ ಊಟದ ತಟ್ಟೆಗೆ ಕಪ್ಪು ಬಿಳುಪು ಬಳಿದು
ಗೇಣಿಗೊಂದು ಗಂಟಿನ ಹಗ್ಗ ಕಟ್ಟಿ ನೀರಿಗಿಳಿಸುತ್ತೇನೆ.
ಮೊದಲು ಅರ್ಧ ಗೇಣಿಗೇ ಮಾಯವಾಗುತ್ತಿತ್ತು.
ಈಗ ನಾಲ್ಕನೆಯ ಗಂಟಿನವರೆಗೆ ಕಾಣುತ್ತದೆ.
ಮೊನ್ನೆಯ ಮಳೆಗೆ ಮತ್ತೆ ಮೂರು. ಬರೆದುಕೊಂಡೆ.
ಬರೆಯುವ ಚಟ ನಿವೃತ್ತಿಯಾಗುವುದಿಲ್ಲ.

ಇಂದು ತಟ್ಟೆಯ ಬಿಳಿಯ ಬಳಿಗೆ
ಒಂದು ಸಾಸಲು ಬಂದು
ಮೂತಿ ತಾಗಿಸಿ ನೋಡಿ,
ಊಟವಲ್ಲವೆಂದು ತಿಳಿದು
ಹೊರಟುಹೋಯಿತು.